ಫ್ರ್ಯಾಕಿಂಗ್ ಬೇಕೋ ಬೇಡವೋ: ಜನಾಭಿಪ್ರಾಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶೇಲ್ ಬಂಡೆ (ಜೇಡಿಮಣ್ಣು ಗಟ್ಟಿಯಾಗಿ ಆದ ಪದರಗಲ್ಲು) ಒಡೆದು ಎಣ್ಣೆ, ಅನಿಲ ತೆಗೆಯಲು ಬಿಡಬೇಕೇ ಎಂದು ಜನರನ್ನು ವರ್ಷಗಟ್ಟಲೆ ಕೇಳುತ್ತಾ ಬಂದ ದೇಶಗಳಲ್ಲಿ ಅಮೆರಿಕ ಮತ್ತು ಬ್ರಿಟನ್ ಮುಖ್ಯವಾದವು. ಹಾಗಾಗಿ ಇಲ್ಲಿನ ಹೆಚ್ಚಿನ ಉತ್ತರಗಳು ಅಲ್ಲಿನವು. ಭಾರತದ ಮತ್ತು ಕರ್ನಾಟಕದ ಮಾತು ಕೊನೆಯ ಕಡೆಗೆ ಇದೆ.

ಫ್ರ್ಯಾಕಿಂಗ್ ಎಂದರೆ ನಿಖರವಾಗಿ ಏನು?

ಮೊದಲು ನೆಲಕ್ಕೆ ನೇರವಾಗಿ ಒಂದೂವರೆ, ಎರಡು, ಕೆಲವು ಕಡೆ ಮೂರು ಕಿಲೋಮೀಟರ್ ಕೊರೆಯುತ್ತಾರೆ. ಅಲ್ಲಿಂದ ಬಾವಿಯನ್ನು ಅಡ್ಡಕ್ಕೆ ತಿರುಗಿಸಿ ಶೇಲ್ ಪದರದೊಳಗೇ ಇನ್ನೂ ಒಂದೆರಡು ಕಿಲೋಮೀಟರ್ ಸಾಗುತ್ತಾರೆ. ಉಕ್ಕಿನ ಕೇಸಿಂಗ್ ಪೈಪ್ ಇಳಿಸಿ, ಪೈಪಿಗೂ ಬಂಡೆಗೂ ನಡುವಿನ ಸಂದಿಗೆ ಸಿಮೆಂಟ್ ತುಂಬುತ್ತಾರೆ. ಅಡ್ಡ ಭಾಗದ ಪೈಪಿಗೆ ಸಣ್ಣ ಸ್ಫೋಟಕಗಳಿಂದ ತೂತು ಮಾಡಿ, ನೀರು, ಮರಳು, ಸ್ವಲ್ಪ ರಾಸಾಯನಿಕ ಬೆರೆಸಿದ ದ್ರವವನ್ನು ಭಾರಿ ಒತ್ತಡದಲ್ಲಿ ನುಗ್ಗಿಸಿದರೆ ಬಂಡೆ ಬಿರುಕು ಬಿಡುತ್ತದೆ. ಮರಳಿನ ಕಣಗಳು ಆ ಬಿರುಕು ಮತ್ತೆ ಮುಚ್ಚಿಕೊಳ್ಳದಂತೆ ಆನಿಸಿ ನಿಲ್ಲುತ್ತವೆ, ಅನಿಲ ಹರಿದು ಬರುತ್ತದೆ. ಅಮೆರಿಕದಲ್ಲಿ ಒಂದು ಬಾವಿಗೆ ಸುಮಾರು 57 ಲಕ್ಷ ಲೀಟರಿನಿಂದ 6 ಕೋಟಿ ಲೀಟರ್‌ವರೆಗೆ ನೀರು ಖರ್ಚಾಗುತ್ತದೆ. ಬೆಂಗಳೂರಿನ 12,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 475ರಿಂದ 5,000 ಲೋಡು.

ಎಂಜಿನಿಯರುಗಳ ಬಾಯಲ್ಲಿ ಫ್ರ್ಯಾಕಿಂಗ್ ಎಂದರೆ ಒತ್ತಡ ಹಾಕುವ ಆ ಕೆಲವು ದಿನ ಅಥವಾ ವಾರಗಳ ಹಂತ ಮಾತ್ರ. ಊರಿನವರ ಬಾಯಲ್ಲಿ ಅದು ಪೂರ್ತಿ ವ್ಯವಹಾರ: ಹಗಲು ರಾತ್ರಿ ಓಡಾಡುವ ಲಾರಿ, ಉರಿಯುವ ಅನಿಲದ ಜ್ವಾಲೆ, ಕೆಟ್ಟ ಸಿಮೆಂಟಿನಿಂದ ಕುಡಿಯುವ ನೀರಿನ ಬಾವಿಗೆ ಸೇರುವ ಮೀಥೇನ್, ಮೇಲೆ ಬಂದ ಉಪ್ಪು ನೀರನ್ನು ಎಲ್ಲಿ ಚೆಲ್ಲುವುದು ಎಂಬ ತಲೆನೋವು. ಕಂಪನಿ 'ಫ್ರ್ಯಾಕಿಂಗ್‌ನಿಂದ ನೀರು ಕೆಟ್ಟ ಉದಾಹರಣೆ ಇಲ್ಲ' ಎನ್ನುತ್ತದೆ, ಪಕ್ಕದ ಮನೆಯವರು 'ನಮ್ಮ ನಲ್ಲಿಗೆ ಬೆಂಕಿ ಹತ್ತುತ್ತಿದೆ' ಎನ್ನುತ್ತಾರೆ. ಇಬ್ಬರೂ ಒಂದೇ ಪದ ಬಳಸುತ್ತಾ ಬೇರೆ ಬೇರೆ ಸಂಗತಿ ಮಾತಾಡುತ್ತಿರುತ್ತಾರೆ. ಸಮೀಕ್ಷೆಗಳ ಅರ್ಧ ಗೊಂದಲ ಇಲ್ಲೇ ಹುಟ್ಟುತ್ತದೆ.

ಒಟ್ಟಿನಲ್ಲಿ ಜನ ಪರವೋ, ವಿರೋಧವೋ?

ಮೊದಮೊದಲು ಪರ ಇದ್ದವರು ಹೆಚ್ಚು, ಆಮೇಲೆ ವಿರೋಧ ಮೇಲಾಯಿತು. ಅಮೆರಿಕದಲ್ಲಿ ಪ್ಯೂ ಎಂಬ ಸಮೀಕ್ಷಾ ಸಂಸ್ಥೆ 2013ರ ಮಾರ್ಚ್‌ನಲ್ಲಿ ಕೇಳಿದಾಗ ಪರ ಶೇ 48, ವಿರುದ್ಧ ಶೇ 38. 2014ರ ನವೆಂಬರ್ ಹೊತ್ತಿಗೆ ಪರ ಶೇ 41, ವಿರುದ್ಧ ಶೇ 47. ಅಲ್ಲಿನ ಇನ್ನೊಂದು ಸಮೀಕ್ಷಾ ಸಂಸ್ಥೆ ಗ್ಯಾಲಪ್ ಲೆಕ್ಕದಲ್ಲಿ 2015ರಲ್ಲಿ ಎರಡೂ ಕಡೆ ಶೇ 40, ಮರುವರ್ಷವೇ ಪರ ಶೇ 36, ವಿರುದ್ಧ ಶೇ 51. ಬ್ರಿಟನ್ನಿನಲ್ಲಿ ಸರ್ಕಾರವೇ ನಡೆಸುವ ಸಮೀಕ್ಷೆ 2021ರ ಶರತ್ಕಾಲದಲ್ಲಿ ಕಂಡದ್ದು ಪರ ಶೇ 17, ವಿರುದ್ಧ ಶೇ 45.

ಈ ಅಂಕಿಗಳನ್ನೆಲ್ಲ ಒಂದೇ ಗೆರೆಯಲ್ಲಿ ಜೋಡಿಸಿ ಗ್ರಾಫ್ ಬರೆಯುವುದು ಮಾತ್ರ ತಪ್ಪು. ಅನೇಕ ಸುದ್ದಿಗಳು ಮಾಡುವುದು ಇದನ್ನೇ.

ಏಕೆ ತಪ್ಪು? ಪ್ರಶ್ನೆ ಒಂದೇ ಅಲ್ಲವೇ?

ಅಲ್ಲ. ಪ್ಯೂ ಕೇಳಿದ್ದು ಫ್ರ್ಯಾಕಿಂಗ್‌ನ ಬಳಕೆ 'ಹೆಚ್ಚಿಸುವುದರ' ಬಗ್ಗೆ, ಅದೂ 'ಭಾರಿ ಒತ್ತಡದ ನೀರು ಮತ್ತು ರಾಸಾಯನಿಕ ಬಳಸುವ ವಿಧಾನ' ಎಂಬ ವಿವರಣೆಯೊಂದಿಗೆ. ಗ್ಯಾಲಪ್ ಕೇಳಿದ್ದು ಅಮೆರಿಕದ ಎಣ್ಣೆ, ಅನಿಲದ ಉತ್ಪಾದನೆ ಹೆಚ್ಚಿಸುವ 'ಮಾರ್ಗವಾಗಿ' ಅದು ಸರಿಯೇ ಎಂದು. ಒಂದರಲ್ಲಿ ರಾಸಾಯನಿಕ ಕಣ್ಣಿಗೆ ಬೀಳುತ್ತದೆ, ಇನ್ನೊಂದರಲ್ಲಿ ದೇಶದ ಉತ್ಪಾದನೆ. 'ಫ್ರ್ಯಾಕಿಂಗ್' ಎಂಬ ಶಬ್ದದ ಬದಲು 'ಶೇಲ್ ಎಣ್ಣೆ ಮತ್ತು ಅನಿಲದ ಅಭಿವೃದ್ಧಿ' ಎಂದು ಕೇಳಿದರೆ ಬೆಂಬಲ ಏರುತ್ತದೆ ಎಂಬುದೂ ಅಮೆರಿಕದ ಅಧ್ಯಯನಗಳಲ್ಲಿ ಕಂಡಿದೆ. ಇಂಗ್ಲಿಷಿನಲ್ಲಿ ಆ ಪದದ ಸದ್ದೇ ಒರಟು, ಬೈಗುಳಕ್ಕೆ ಹತ್ತಿರ. ಪ್ರತಿಭಟನೆಯ ಫಲಕ ಬರೆಯುವವರಿಗೆ ಅದು ಹಬ್ಬ.

ಇನ್ನೊಂದು ಸೂಕ್ಷ್ಮ: 'ಅವಕಾಶ ಕೊಡಬೇಕೇ' ಎಂಬುದು ಬೇರೆ, 'ನಿಷೇಧಿಸಬೇಕೇ' ಎಂಬುದು ಬೇರೆ. ಬೇಡ ಎನ್ನುವವರಲ್ಲಿ ಒಂದು ಪಾಲು ಜನ ಕಾನೂನಿನ ನಿಷೇಧದ ಮಟ್ಟಕ್ಕೆ ಹೋಗುವುದಿಲ್ಲ, ಬಿಗಿ ನಿಯಮ ಸಾಕು ಎನ್ನುತ್ತಾರೆ. ಪ್ರಶ್ನೆಯಲ್ಲಿ ಆ ಮೂರನೇ ಆಯ್ಕೆ ಇತ್ತೇ ಇಲ್ಲವೇ ನೋಡಿ.

'ಪರವೂ ಅಲ್ಲ, ವಿರೋಧವೂ ಅಲ್ಲ' ಎನ್ನುವವರನ್ನು ಯಾವ ಕಡೆ ಸೇರಿಸಬೇಕು?

ಯಾವ ಕಡೆಗೂ ಸೇರಿಸಬಾರದು. ಮೇಲಿನ ಬ್ರಿಟನ್ ಅಂಕಿಯಲ್ಲೇ ನೋಡಿ: 17ಕ್ಕೆ 45 ಕೂಡಿದರೆ 62. ಉಳಿದ 38 ಜನ ಎರಡೂ ಕಡೆ ಇಲ್ಲ. ಶುರುವಿನ ವರ್ಷಗಳಲ್ಲಿ ಈ ನಡುವಿನ ಗುಂಪು ಇನ್ನೂ ದೊಡ್ಡದಿತ್ತು. ವಿರೋಧ ಬೆಳೆದದ್ದು ಬೆಂಬಲಿಗರು ಜಾರಿದ್ದರಿಂದ ಮಾತ್ರವಲ್ಲ, ಮೊದಲು ತಟಸ್ಥರಾಗಿದ್ದವರು ಬೇಡ ಎನ್ನತೊಡಗಿದ್ದರಿಂದಲೂ. 'ಎರಡೂ ಅಲ್ಲ', 'ಗೊತ್ತಿಲ್ಲ' ಎಂದವರನ್ನು ತೆಗೆದುಹಾಕಿ ಶೇಕಡಾವಾರು ಹೊಸದಾಗಿ ಲೆಕ್ಕ ಹಾಕುವ ಚಾಳಿ ಎರಡೂ ಪಾಳಯಗಳಲ್ಲಿದೆ. ಹಾಗೆ ಮಾಡಿದರೆ ಶೇ 45 ಏಕಾಏಕಿ ಶೇ 73 ಆಗಿಬಿಡುತ್ತದೆ.

ಎರಡು ಸಮೀಕ್ಷೆಗಳ ನಡುವೆ ಎಷ್ಟು ವ್ಯತ್ಯಾಸ ಕಂಡರೆ ಅದನ್ನು ನಿಜ ಎನ್ನಬಹುದು?

ಸಾವಿರ ಜನರನ್ನು ಯಾದೃಚ್ಛಿಕವಾಗಿ ಆರಿಸಿ ಕೇಳಿದರೆ ದೋಷದ ಅಂತರ ಆಚೀಚೆ ಸುಮಾರು 3 ಶೇಕಡಾ ಅಂಶ. ಎರಡು ಸಾವಿರಕ್ಕೆ 2ರ ಆಸುಪಾಸು. ಸಾವಿರ ಜನರ ಎರಡು ಸಮೀಕ್ಷೆಗಳನ್ನು ಹೋಲಿಸುವಾಗ ಅದು ನಾಲ್ಕೂವರೆಯ ಹತ್ತಿರ ಹೋಗುತ್ತದೆ. ಹಾಗಾಗಿ ಶೇ 40ರಿಂದ ಶೇ 38ಕ್ಕೆ ಇಳಿದರೆ ಅದು ಸುದ್ದಿಯಲ್ಲ. ಗ್ಯಾಲಪ್‌ನ 40ರಿಂದ 51ಕ್ಕೆ ಏರಿದ್ದು ಸುದ್ದಿ.

ಹೆಚ್ಚು ಎಡವುವುದು ಉಪಗುಂಪುಗಳಲ್ಲಿ. ಸಾವಿರ ಜನರಲ್ಲಿ ಬಾವಿ ಇರುವ ಜಿಲ್ಲೆಯವರು ಬರೀ ನೂರು ಜನ ಇದ್ದರೆ ಅವರ ಅಂಕಿಯ ದೋಷ ಆಚೀಚೆ 10 ಅಂಶ. 'ಬಾವಿ ಪಕ್ಕದವರಲ್ಲಿ ಶೇ 55 ಬೆಂಬಲ' ಎಂದು ಬರೆದದ್ದು ವಾಸ್ತವದಲ್ಲಿ 45ರಿಂದ 65ರವರೆಗೆ ಎಲ್ಲಾದರೂ ಇರಬಹುದು.

ಸ್ಕಾಟ್ಲೆಂಡಿನಲ್ಲಿ ಶೇ 99 ಜನ ವಿರೋಧಿಸಿದರಂತೆ, ನಿಜವೇ?

ಅಂಕಿ ನಿಜ, 'ಜನ' ಎಂಬ ಪದ ಸರಿಯಲ್ಲ. 2017ರಲ್ಲಿ ಸ್ಕಾಟ್ಲೆಂಡ್ ಸರ್ಕಾರ ಸಾರ್ವಜನಿಕರಿಂದ ಅಭಿಪ್ರಾಯ ಆಹ್ವಾನಿಸಿತು. 60,500ಕ್ಕೂ ಹೆಚ್ಚು ಉತ್ತರ ಬಂದವು, ಅವುಗಳಲ್ಲಿ ಸುಮಾರು ಶೇ 99 ವಿರೋಧ. ಆದರೆ ಸುಮಾರು 52,000 ಉತ್ತರಗಳು ಸಂಘಟನೆಗಳು ಹಂಚಿದ ಸಿದ್ಧ ಪತ್ರ ಮತ್ತು ಮನವಿಗಳಿಗೆ ಹಾಕಿದ ಸಹಿಗಳು. ತಮ್ಮದೇ ಮಾತಿನಲ್ಲಿ ಬರೆದವು ಸುಮಾರು 8,400. ಇದು ಸಮೀಕ್ಷೆಯಲ್ಲ, ತಾವಾಗಿ ಮುಂದೆ ಬಂದವರ ದನಿ. ಎಷ್ಟು ಜನಕ್ಕೆ ಸಿಟ್ಟಿದೆ, ಎಷ್ಟು ಚೆನ್ನಾಗಿ ಸಂಘಟಿತರಾಗಿದ್ದಾರೆ ಎಂಬುದನ್ನು ಅದು ಅಳೆಯುತ್ತದೆ. ಮನೆಯಲ್ಲಿ ಸುಮ್ಮನೆ ಕೂತವರ ಅಭಿಪ್ರಾಯ ಅದರಲ್ಲಿ ಇರುವುದಿಲ್ಲ.

ಹಾಗೆಂದು ಅದನ್ನು ತಳ್ಳಿಹಾಕುವಂತಿಲ್ಲ. ಒಂದು ಬದಿಯಿಂದ ಐವತ್ತು ಸಾವಿರ ಸಹಿ ಬಂದು ಇನ್ನೊಂದು ಬದಿಯಿಂದ ಶೇ 1 ಕೂಡ ಬರದಿದ್ದರೆ, ಬೆಂಬಲ ಇದ್ದರೂ ಅದು ತೆಳುವಾದದ್ದು ಎಂದರ್ಥ. ಅದೇ ವರ್ಷ ಅಕ್ಟೋಬರ್‌ನಲ್ಲಿ ಸರ್ಕಾರ ಅನುಮತಿ ಕೊಡುವುದಿಲ್ಲ ಎಂದು ಘೋಷಿಸಿತು.

ಇಂಗ್ಲೆಂಡಿನ ಲ್ಯಾಂಕಾಷೈರ್‌ನಲ್ಲಿ ವಿರೋಧ ಅಷ್ಟು ಗಟ್ಟಿಯಾದದ್ದು ಹೇಗೆ?

ಈ ಪ್ರಶ್ನೆಗೆ ತುಸು ಉದ್ದದ ಉತ್ತರ ಬೇಕು, ಏಕೆಂದರೆ ಜನಾಭಿಪ್ರಾಯ ಕೆಡುವ ಬಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಇಲ್ಲೇ.

2011ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬ್ಲ್ಯಾಕ್‌ಪೂಲ್ ಹತ್ತಿರದ ಪ್ರೀಸ್ ಹಾಲ್ ಎಂಬಲ್ಲಿ ಕ್ವಾಡ್ರಿಲಾ ಕಂಪನಿ ಫ್ರ್ಯಾಕಿಂಗ್ ಮಾಡುತ್ತಿದ್ದಾಗ 2.3 ಮತ್ತು 1.5 ತೀವ್ರತೆಯ ಭೂಕಂಪನಗಳಾದವು. ಬಾವಿಯ ಕೇಸಿಂಗ್ ಕೂಡ ಒಂದು ಭಾಗದಲ್ಲಿ ಸೊಟ್ಟಗಾಗಿತ್ತು. ಕೆಲಸ ನಿಂತಿತು. 2012ರ ಡಿಸೆಂಬರ್‌ನಲ್ಲಿ ತಡೆ ತೆರವಾದಾಗ ಹೊಸ ನಿಯಮ ಬಂತು: 0.5 ತೀವ್ರತೆ ದಾಟಿದರೆ ಪಂಪ್ ನಿಲ್ಲಿಸಬೇಕು. ಟ್ರಾಫಿಕ್ ಸಿಗ್ನಲ್‌ನಂತೆ ಹಸಿರು, ಹಳದಿ, ಕೆಂಪು.

2013ರ ಬೇಸಿಗೆಯಲ್ಲಿ ದಕ್ಷಿಣದ ಬಾಲ್ಕಮ್ ಹಳ್ಳಿಯಲ್ಲಿ ದೊಡ್ಡ ಪ್ರತಿಭಟನೆ ನಡೆದು ದೇಶದ ಟಿವಿಗಳಲ್ಲೆಲ್ಲ ಬಂತು. ಅಲ್ಲಿ ನಡೆಯುತ್ತಿದ್ದದ್ದು ಪರೀಕ್ಷಾರ್ಥ ಕೊರೆತ, ಫ್ರ್ಯಾಕಿಂಗ್ ಆಗಿರಲೇ ಇಲ್ಲ. ಆದರೆ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸಮೀಕ್ಷೆಯಲ್ಲಿ ಬೆಂಬಲ ಇಳಿಯತೊಡಗಿದ್ದು ಅಲ್ಲಿಂದಲೇ.

2015ರ ಜೂನ್‌ನಲ್ಲಿ ಪ್ರೆಸ್ಟನ್ ನ್ಯೂ ರೋಡ್ ಎಂಬ ಜಾಗದಲ್ಲಿ ಫ್ರ್ಯಾಕಿಂಗ್ ಮಾಡಲು ಕ್ವಾಡ್ರಿಲಾ ಹಾಕಿದ್ದ ಅರ್ಜಿಯನ್ನು ಲ್ಯಾಂಕಾಷೈರ್ ಕೌಂಟಿ ಕೌನ್ಸಿಲ್ (ನಮ್ಮ ಜಿಲ್ಲಾ ಪಂಚಾಯಿತಿಯಂಥದ್ದು) ತಿರಸ್ಕರಿಸಿತು. ಕೊಟ್ಟ ಕಾರಣಗಳು ಸದ್ದು ಮತ್ತು ಭೂದೃಶ್ಯ ಕೆಡುವುದು. 2016ರ ಅಕ್ಟೋಬರ್‌ನಲ್ಲಿ ಕೇಂದ್ರ ಸಚಿವ ಸಾಜಿದ್ ಜಾವಿದ್ ಲಂಡನ್ನಿನಲ್ಲಿ ಕೂತು ಆ ತೀರ್ಮಾನವನ್ನು ತಿರುಗಿಸಿದರು. ನಮ್ಮ ಅಂದಾಜಿನಲ್ಲಿ ಕಂಪನಕ್ಕಿಂತ ದೊಡ್ಡ ಪೆಟ್ಟು ಇದೇ. ಅಲ್ಲಿಯವರೆಗೆ ಚರ್ಚೆ ಅನಿಲದ ಬಗ್ಗೆ ಇತ್ತು, ಆಮೇಲೆ 'ನಮ್ಮೂರಿನ ಮಾತಿಗೆ ಬೆಲೆಯಿಲ್ಲವೇ' ಎಂದಾಯಿತು. ಅನಿಲ ಬೇಕು ಎನ್ನುತ್ತಿದ್ದವರಿಗೂ ಇದು ನುಂಗಲಾರದ ತುತ್ತಾಯಿತು.

2018ರ ಅಕ್ಟೋಬರ್ 15ಕ್ಕೆ ಕೆಲಸ ಶುರು. ಮೊದಲ ವಾರಗಳಲ್ಲೇ ಸಣ್ಣ ಸಣ್ಣ ಕಂಪನ, ನಿಲುಗಡೆ, ಮತ್ತೆ ಶುರು. 0.5 ಎಂದರೆ ಮೇಲಿರುವ ಯಾರಿಗೂ ಗೊತ್ತಾಗದ ಅದುರು, ಮಿತಿ ತೀರಾ ಬಿಗಿ ಎಂದು ಉದ್ಯಮ ದೂರಿತು. ಆ ದೂರಿನಲ್ಲಿ ಸತ್ಯವಿದೆ. ಆದರೆ 2019ರ ಆಗಸ್ಟ್ 26ರ ಬೆಳಿಗ್ಗೆ, ರಜಾ ದಿನ, 2.9 ತೀವ್ರತೆಯ ಕಂಪನವಾಗಿ ಮನೆಗಳು ನಡುಗಿದವು. ತೀವ್ರತೆಯ ಅಳತೆ ಏಣಿಯಂತಲ್ಲ: 0.5ಕ್ಕೂ 2.9ಕ್ಕೂ ಬಿಡುಗಡೆಯಾಗುವ ಶಕ್ತಿಯಲ್ಲಿ ಸುಮಾರು 4,000 ಪಟ್ಟು ಅಂತರ. ನವೆಂಬರ್ 2ಕ್ಕೆ ಇಂಗ್ಲೆಂಡಿನಲ್ಲಿ ತಡೆ ಬಿತ್ತು.

2022ರ ಸೆಪ್ಟೆಂಬರ್ 22ರಂದು ಪ್ರಧಾನಿ ಲಿಜ್ ಟ್ರಸ್ ಅವರ ಸರ್ಕಾರ ತಡೆ ತೆಗೆಯಿತು, ಸ್ಥಳೀಯರ ಒಪ್ಪಿಗೆ ಇದ್ದರೆ ಮಾತ್ರ ಎಂಬ ಷರತ್ತಿನೊಂದಿಗೆ. ಆ ಒಪ್ಪಿಗೆಯನ್ನು ಅಳೆಯುವುದು ಹೇಗೆ, ಎಷ್ಟು ಕಿಲೋಮೀಟರ್ ಒಳಗಿನವರು 'ಸ್ಥಳೀಯರು' ಎಂಬುದು ಇತ್ಯರ್ಥವಾಗಲೇ ಇಲ್ಲ. ಅಕ್ಟೋಬರ್ 19ರಂದು ಸಂಸತ್ತಿನಲ್ಲಿ ಈ ವಿಷಯದ ಮತದಾನವೇ ಗದ್ದಲದಲ್ಲಿ ಮುಗಿದು, ಮರುದಿನ ಟ್ರಸ್ ರಾಜೀನಾಮೆ ಕೊಟ್ಟರು. 26ಕ್ಕೆ ಹೊಸ ಪ್ರಧಾನಿ ರಿಷಿ ಸುನಕ್ ತಡೆಯನ್ನು ಮರಳಿ ತಂದರು. ಒಟ್ಟು 34 ದಿನದ ಕಥೆ.

ಹಣ ಕೊಟ್ಟರೆ ಊರಿನವರು ಒಪ್ಪುವುದಿಲ್ಲವೇ?

ಹಣ ಯಾವ ರೂಪದಲ್ಲಿ ಬರುತ್ತದೆ ಎಂಬುದರ ಮೇಲೆ ಹೋಗುತ್ತದೆ. ಪ್ರೆಸ್ಟನ್ ನ್ಯೂ ರೋಡ್‌ನಲ್ಲಿ ಒಂದು ಲಕ್ಷ ಪೌಂಡ್ ಹಂಚಿಕೆಯಾಯಿತು: ಒಂದು ಕಿಲೋಮೀಟರ್ ಒಳಗಿನ 29 ಮನೆಗಳಿಗೆ ತಲಾ 2,070 ಪೌಂಡ್, ಅಲ್ಲಿಂದ ಒಂದೂವರೆ ಕಿಲೋಮೀಟರ್‌ವರೆಗಿನ 259 ಮನೆಗಳಿಗೆ ತಲಾ 150. ಬೇಲಿಯ ಆಚೆಗಿನ ಮನೆಗೆ ಸೊನ್ನೆ. ವಿರೋಧಿಗಳು ಅದನ್ನು ಲಂಚ ಎಂದರು.

ಪೆನ್ಸಿಲ್ವೇನಿಯಾದಲ್ಲಿ ಚಿತ್ರ ಬೇರೆ. ಅಮೆರಿಕದಲ್ಲಿ ನೆಲದಡಿಯ ಅನಿಲದ ಹಕ್ಕು ಖಾಸಗಿಯವರದ್ದಾಗಿರಬಹುದು. ಗುತ್ತಿಗೆ ಬರೆದುಕೊಟ್ಟ ರೈತನಿಗೆ ಆ ರಾಜ್ಯದ ಕಾನೂನಿನ ಪ್ರಕಾರ ಕನಿಷ್ಠ ಎಂಟನೇ ಒಂದು ಪಾಲು, ಅಂದರೆ ಶೇ 12.5 ರಾಯಲ್ಟಿ ಬರಬೇಕು. ಸಾಲದಲ್ಲಿದ್ದ ಎಷ್ಟೋ ಹೈನುಗಾರರಿಗೆ ಇದು ಕೈ ಹಿಡಿಯಿತು, ಬೆಂಬಲವೂ ಅಲ್ಲಿಂದ ಬಂತು. ಕೆಟ್ಟದ್ದು ಎಲ್ಲಿ ಎಂದರೆ, ಅನಿಲವನ್ನು ಶುದ್ಧ ಮಾಡಿ ಸಾಗಿಸುವ ಖರ್ಚನ್ನು ರಾಯಲ್ಟಿಯಿಂದ ಮುರಿದುಕೊಳ್ಳಬಹುದು ಎಂದು ಆ ರಾಜ್ಯದ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. ಕೈಗೆ ಬರುವ ಚೆಕ್ಕು ಸಣ್ಣದಾಯಿತು. ಹಕ್ಕನ್ನು ಹಿಂದೆಯೇ ಬೇರೆಯವರಿಗೆ ಮಾರಿಬಿಟ್ಟವರಿಗಂತೂ ಲಾರಿಯ ಧೂಳು ಮಾತ್ರ.

ಬ್ರಿಟನ್ನಿನಲ್ಲಿ 1934ರಿಂದಲೇ ಪೆಟ್ರೋಲಿಯಂ ರಾಜಸತ್ತೆಯ ಸ್ವತ್ತು. ನೆಲದ ಒಡೆಯನಿಗೆ ಪಾಲಿಲ್ಲ. ಒಂದೇ ತಂತ್ರಜ್ಞಾನಕ್ಕೆ ಎರಡು ದೇಶದ ಹಳ್ಳಿಗರು ಬೇರೆ ಬೇರೆ ಮುಖ ಮಾಡಿದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಿಲ್ಲ.

ಅನಿಲದ ಬೆಲೆ ಇಳಿಯುತ್ತದೆ ಎಂಬ ವಾದಕ್ಕೆ ಜನ ಮಣಿಯುತ್ತಾರೆಯೇ?

ಅಮೆರಿಕದಲ್ಲಿ ಬೆಲೆ ನಿಜಕ್ಕೂ ಇಳಿಯಿತು. ಬ್ರಿಟನ್ನಿನ ಅನಿಲ ಮಾತ್ರ ಯುರೋಪಿನ ಮಾರುಕಟ್ಟೆಯ ದರಕ್ಕೇ ಮಾರಾಟವಾಗುತ್ತದೆ. 2022ರ ಆರಂಭದಲ್ಲಿ ಇಂಧನ ಖಾತೆಯ ಹೊಣೆಯಿದ್ದ ಸಚಿವ ಕ್ವಾಸಿ ಕ್ವಾರ್ಟೆಂಗ್ ಅವರೇ ಫ್ರ್ಯಾಕಿಂಗ್‌ನಿಂದ ಬೆಲೆ ಇಳಿಯುವುದಿಲ್ಲ ಎಂದು ಪತ್ರಿಕೆಯಲ್ಲಿ ಬರೆದಿದ್ದರು. ಅದೇ ವರ್ಷ ತಡೆ ತೆಗೆದ ಸರ್ಕಾರದಲ್ಲಿ ಅವರು ಹಣಕಾಸು ಸಚಿವ.

ನೇರವಾಗಿ ಮತ ಹಾಕಿಸಿದ ಉದಾಹರಣೆ ಇದೆಯೇ?

ಇದೆ. ಟೆಕ್ಸಸ್‌ನ ಡೆಂಟನ್ ನಗರ 2014ರ ನವೆಂಬರ್‌ನಲ್ಲಿ ಸುಮಾರು ಶೇ 59 ಮತಗಳಿಂದ ಫ್ರ್ಯಾಕಿಂಗ್ ನಿಷೇಧಿಸಿತು. ಆರು ತಿಂಗಳಲ್ಲಿ, 2015ರ ಮೇನಲ್ಲಿ, ರಾಜ್ಯ ಸರ್ಕಾರ ನಗರಗಳಿಗೆ ಅಂಥ ಅಧಿಕಾರವಿಲ್ಲ ಎಂದು ಕಾನೂನು ಮಾಡಿತು. ಜೂನ್‌ನಲ್ಲಿ ನಗರಸಭೆ ತನ್ನ ನಿಷೇಧವನ್ನು ತಾನೇ ವಾಪಸ್ ಪಡೆಯಿತು.

ಕೊಲೊರಾಡೋ 2018ರಲ್ಲಿ ಕೇಳಿದ್ದು ನಿಷೇಧವಲ್ಲ, ದೂರ. ಹೊಸ ಬಾವಿ ಮನೆ, ಶಾಲೆಗಳಿಂದ 2,500 ಅಡಿ ದೂರವಿರಬೇಕೇ? ಕೇಳಲು ಸಣ್ಣ ಮಾತು. ಆದರೆ ನಕ್ಷೆಯ ಮೇಲೆ ಆ ವೃತ್ತಗಳನ್ನು ಎಳೆದರೆ ಫೆಡರಲ್ ಸರ್ಕಾರದ್ದಲ್ಲದ ನೆಲದಲ್ಲಿ ಸುಮಾರು ಶೇ 85 ಕೈಬಿಟ್ಟುಹೋಗುತ್ತಿತ್ತು. ಇದು ಹಿಂಬಾಗಿಲ ನಿಷೇಧ ಎಂದು ಉದ್ಯಮವು ತನ್ನ ವಿರೋಧಿಗಳಿಗಿಂತ ಹತ್ತಾರು ಪಟ್ಟು ಹಣ ಸುರಿದು ಪ್ರಚಾರ ಮಾಡಿತು. ಸುಮಾರು ಶೇ 55 ಮತದಾರರು ಬೇಡ ಎಂದರು. ತಮಾಷೆಯೆಂದರೆ ಎರಡೇ ವರ್ಷದಲ್ಲಿ ರಾಜ್ಯದ ನಿಯಂತ್ರಣ ಆಯೋಗವೇ 2,000 ಅಡಿಯ ನಿಯಮ ತಂದಿತು, ಕೆಲವು ವಿನಾಯಿತಿಗಳೊಂದಿಗೆ.

ನ್ಯೂಯಾರ್ಕ್ ಮತ ಹಾಕಿಸಲೇ ಇಲ್ಲ. 2014ರ ಡಿಸೆಂಬರ್‌ನಲ್ಲಿ ಆರೋಗ್ಯ ಇಲಾಖೆಯ ವರದಿಯ ಮೇಲೆ ನಿಷೇಧ ಘೋಷಿಸಿತು. ಗಡಿಯ ಈಚೆ ಪೆನ್ಸಿಲ್ವೇನಿಯಾದಲ್ಲಿ ಎರಡೂ ರಾಜ್ಯಗಳ ಅಡಿಯಲ್ಲಿ ಹಾಯುವ ಅದೇ ಮಾರ್ಸೆಲಸ್ ಶೇಲ್ ಪದರದಿಂದ ಅನಿಲ ಬರುತ್ತಲೇ ಇದೆ.

ವಿರೋಧಿಸುವವರಿಗೆ ವಿಷಯ ತಿಳಿಯದು ಎನ್ನುತ್ತಾರಲ್ಲ?

ಈ ಮಾತು ಅರ್ಧಕ್ಕೆ ನಿಲ್ಲುತ್ತದೆ. ಎರಡು ಕಿಲೋಮೀಟರ್ ಕೆಳಗಿನ ಬಿರುಕು ನೇರವಾಗಿ ಮೇಲಿನ ಕುಡಿಯುವ ನೀರಿಗೆ ತಲುಪುತ್ತದೆ ಎಂಬ ಭಯ ಬಹುತೇಕ ಆಧಾರವಿಲ್ಲದ್ದು. ಆದರೆ ಸಿಮೆಂಟ್ ಸರಿಯಾಗಿ ಕೂರದೆ ಅನಿಲ ಮೇಲೇರುವುದು, ಮೇಲ್ಮೈಯಲ್ಲಿ ದ್ರವ ಚೆಲ್ಲುವುದು, ಕೊಳೆನೀರಿನ ಗುಂಡಿ ಸೋರುವುದು ಆಗಿರುವ ಸಂಗತಿಗಳು. ಕೆಲವು ಸಂದರ್ಭಗಳಲ್ಲಿ ಕುಡಿಯುವ ನೀರಿಗೆ ಪೆಟ್ಟು ಬೀಳಬಹುದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2016ರ ಡಿಸೆಂಬರ್‌ನ ಅಂತಿಮ ವರದಿಯಲ್ಲಿ ಒಪ್ಪಿದೆ. ಒಕ್ಲಹೋಮಾದಲ್ಲಿ 2016ರ ಸೆಪ್ಟೆಂಬರ್ 3ರ 5.8 ತೀವ್ರತೆಯ ಭೂಕಂಪಕ್ಕೆ ಕಾರಣ ಫ್ರ್ಯಾಕಿಂಗ್‌ನ ಒತ್ತಡವಲ್ಲ, ಎಣ್ಣೆ ಬಾವಿಗಳ ಕೊಳೆನೀರನ್ನು ಆಳಕ್ಕೆ ಇಳಿಸಿದ್ದು. ಮನೆಯ ಗೋಡೆ ಬಿರುಕು ಬಿಟ್ಟವನಿಗೆ ಈ ವ್ಯತ್ಯಾಸ ಸಮಾಧಾನ ಕೊಡದು.

ಭಾರತದಲ್ಲಿ ಜನರನ್ನು ಕೇಳುತ್ತಾರೆಯೇ?

ಶೇಲ್ ನೀತಿ ಬಂದದ್ದು 2013ರಲ್ಲಿ, ಮೊದಲು ಸರ್ಕಾರಿ ಕಂಪನಿಗಳಿಗೆ ಮಾತ್ರ. 2018ರಲ್ಲಿ ಖಾಸಗಿ ಗುತ್ತಿಗೆದಾರರಿಗೂ ಬಾಗಿಲು ತೆರೆಯಿತು. ಜನರ ಮಾತಿಗೆ ಇರುವ ಜಾಗ ಪರಿಸರ ಅನುಮತಿಯ ಸಾರ್ವಜನಿಕ ಅಹವಾಲು ಸಭೆ. 2020ರ ಜನವರಿ 16ರ ಅಧಿಸೂಚನೆ ಎಣ್ಣೆ, ಅನಿಲದ ಅನ್ವೇಷಣೆಯನ್ನು 'ಬಿ2' ವರ್ಗಕ್ಕೆ ಇಳಿಸಿದ್ದರಿಂದ ಅನ್ವೇಷಣೆಯ ಹಂತದಲ್ಲಿ ಅಹವಾಲು ಸಭೆ ಬೇಕಿಲ್ಲ. ಉತ್ಪಾದನೆಯ ಹಂತಕ್ಕೆ ಬೇಕು. ಅಷ್ಟರಲ್ಲಿ ರಿಗ್ ಬಂದು ಹೋಗಿರುತ್ತದೆ.

ಅಭಿಪ್ರಾಯ ಬೀದಿಗೆ ಬಂದದ್ದು ತಮಿಳುನಾಡಿನ ಪುದುಕೋಟೆ ಜಿಲ್ಲೆಯ ನೆಡುವಾಸಲ್‌ನಲ್ಲಿ, 2017ರಲ್ಲಿ. ಆ ಸಣ್ಣ ನಿಕ್ಷೇಪದ ಗುತ್ತಿಗೆ ಸಿಕ್ಕಿದ್ದು ಕರ್ನಾಟಕ ಮೂಲದ ಜೆಮ್ ಲ್ಯಾಬೊರೇಟರೀಸ್ ಕಂಪನಿಗೆ. ಅದು ಶೇಲ್ ಯೋಜನೆಯಲ್ಲ, 'ಹೈಡ್ರೋಕಾರ್ಬನ್' (ಎಣ್ಣೆ, ಅನಿಲ) ಯೋಜನೆ. ಆದರೆ ಕಾವೇರಿ ಬಯಲಿನ ರೈತರಿಗೆ ಅಂತರ್ಜಲದ ಭಯ ಒಂದೇ ಆಗಿತ್ತು. 2020ರ ಫೆಬ್ರುವರಿಯಲ್ಲಿ ಆ ರಾಜ್ಯ ಕಾವೇರಿ ಮುಖಜ ಪ್ರದೇಶವನ್ನು ಸಂರಕ್ಷಿತ ಕೃಷಿ ವಲಯವೆಂದು ಕಾನೂನು ಮಾಡಿ ಹೊಸ ಎಣ್ಣೆ, ಅನಿಲ ಯೋಜನೆಗಳಿಗೆ ತಡೆ ಹಾಕಿತು.

ನಮ್ಮ ಕಡೆ ಬೋರ್‌ವೆಲ್‌ಗೂ ಹೈಡ್ರೋ ಫ್ರ್ಯಾಕ್ಚರಿಂಗ್ ಮಾಡುತ್ತಾರಲ್ಲ, ಅದೂ ಇದೇನಾ?

ತತ್ವ ಒಂದೇ, ಪ್ರಮಾಣ ಬೇರೆ. ನೀರು ಕಡಿಮೆಯಾದ ಬೋರಿನೊಳಗೆ ರಬ್ಬರಿನ ಪ್ಯಾಕರ್ ಇಳಿಸಿ, ಬಂಡೆಯ ಒಂದು ಭಾಗವನ್ನು ಮುಚ್ಚಿ, ಬರೀ ನೀರನ್ನು ಒತ್ತಡದಲ್ಲಿ ಕೊಟ್ಟು ಗ್ರಾನೈಟ್, ನೈಸ್ ಬಂಡೆಯ ಹಳೆಯ ಬಿರುಕುಗಳಲ್ಲಿ ತುಂಬಿದ ಮಣ್ಣು ತೊಳೆಯುತ್ತಾರೆ. ಅಡ್ಡ ಕೊರೆತವಿಲ್ಲ, ರಾಸಾಯನಿಕವಿಲ್ಲ, ಆಳ ಕೆಲವು ನೂರು ಅಡಿ. ಬಿರುಕೇ ಇಲ್ಲದ ಒಣ ಬಂಡೆಗೆ ಮಾಡಿಸಿದರೆ ದುಡ್ಡು ದಂಡ. ಕರ್ನಾಟಕದ ಬಹುಪಾಲು ನೆಲ ಇಂಥ ಗಟ್ಟಿ ಶಿಲೆಯದ್ದೇ, ಆದ್ದರಿಂದ ಶೇಲ್ ಅನಿಲದ ರಿಗ್ ನಿಮ್ಮ ತಾಲ್ಲೂಕಿಗೆ ಬರುತ್ತದೆ ಎಂಬ ವಾಟ್ಸ್‌ಆ್ಯಪ್ ಸಂದೇಶಗಳಿಗೆ ತಲೆ ಕೆಡಿಸಿಕೊಳ್ಳಬೇಡಿ.

ಟೆಕ್ಸಸ್, ಕೊಲೊರಾಡೋ, ಪೆನ್ಸಿಲ್ವೇನಿಯಾದಲ್ಲಿ ಮನೆ ಕೊಳ್ಳುತ್ತಿದ್ದೇವೆ. ಏನು ನೋಡಬೇಕು?

ಅಲ್ಲಿ ಮನೆ, ಸೈಟು ನಿಮ್ಮ ಹೆಸರಿಗಾದರೂ ಅಡಿಯ ಖನಿಜದ ಹಕ್ಕು ಬೇರೆಯವರದ್ದಾಗಿರಬಹುದು. ಟೆಕ್ಸಸ್‌ನಲ್ಲಂತೂ ಖನಿಜದ ಒಡೆಯನ ಹಕ್ಕೇ ಮೇಲು, ಹೊರತೆಗೆಯಲು ಬೇಕಾದಷ್ಟು ಮೇಲಿನ ನೆಲವನ್ನು ಅವನು ಬಳಸಬಹುದು. ಕ್ರಯಪತ್ರದಲ್ಲಿ 'ಮಿನರಲ್ ರಿಸರ್ವೇಶನ್' (ಮಾರಿದವರು ಖನಿಜದ ಹಕ್ಕನ್ನು ತಮಗೇ ಉಳಿಸಿಕೊಂಡಿದ್ದು) ಎಂಬ ಸಾಲು ಇದೆಯೇ ಹುಡುಕಿ, ಹಳೆಯ ಪತ್ರಗಳನ್ನು ಕೌಂಟಿಯ (ಅಲ್ಲಿನ ಜಿಲ್ಲೆಯ) ದಾಖಲೆ ಕಚೇರಿಯಲ್ಲಿ ತೆಗೆಸಿ. ಟೈಟಲ್ ಇನ್ಶೂರೆನ್ಸ್ (ಆಸ್ತಿಯ ಹಕ್ಕಿಗೆ ಮಾಡಿಸುವ ವಿಮೆ) ಇದೆ ಎಂದು ಸುಮ್ಮನಾಗಬೇಡಿ, ಅದು ಎಷ್ಟೋ ಸಲ ಖನಿಜದ ಹಕ್ಕನ್ನು ಹೊರಗಿಟ್ಟಿರುತ್ತದೆ. ಬಾವಿಗಳ ನಕ್ಷೆ ರಾಜ್ಯದ ನಿಯಂತ್ರಣ ಸಂಸ್ಥೆಯ ತಾಣದಲ್ಲಿ ಸಿಗುತ್ತದೆ. ಟೆಕ್ಸಸ್‌ನಲ್ಲಿ ಅದರ ಹೆಸರು ರೈಲ್‌ರೋಡ್ ಕಮಿಷನ್, ಈಗ ರೈಲಿಗೂ ಅದಕ್ಕೂ ಸಂಬಂಧವಿಲ್ಲ.

ಮನೆಗೆ ಸ್ವಂತ ಬಾವಿಯ ನೀರಾದರೆ ಕೊರೆತ ಶುರುವಾಗುವ ಮುಂಚೆಯೇ ಮಾನ್ಯತೆ ಪಡೆದ ಲ್ಯಾಬಿನಿಂದ ಮೀಥೇನ್, ಕ್ಲೋರೈಡ್, ಬೇರಿಯಂ ಮತ್ತು ಕರಗಿದ ಲವಣಗಳ ಪರೀಕ್ಷೆ ಮಾಡಿಸಿ. ಮಾದರಿಯನ್ನು ಲ್ಯಾಬಿನವರೇ ಬಂದು ತೆಗೆಯಲಿ. ನೀವೇ ಬಾಟಲಿಯಲ್ಲಿ ಹಿಡಿದುಕೊಟ್ಟ ನೀರಿನ ವರದಿಯನ್ನು ಎದುರು ಪಕ್ಷದ ವಕೀಲರು ಸುಲಭವಾಗಿ ಅಲ್ಲಗಳೆಯುತ್ತಾರೆ. ಪೆನ್ಸಿಲ್ವೇನಿಯಾದ 2012ರ ಕಾನೂನಿನಂತೆ ಶೇಲ್ ಬಾವಿಯಿಂದ 2,500 ಅಡಿ ಒಳಗೆ, ಕೆಲಸ ಮುಗಿದ 12 ತಿಂಗಳೊಳಗೆ ನೀರು ಕೆಟ್ಟರೆ ಕಂಪನಿಯೇ ಹೊಣೆ ಎಂದು ಮೊದಲೇ ಭಾವಿಸಲಾಗುತ್ತದೆ. ಆದರೆ ಕಂಪನಿಯವರು ಮುಂಚಿತವಾಗಿ ಪರೀಕ್ಷೆಗೆ ಬಂದಾಗ ನೀವು ಗೇಟು ತೆಗೆಯದಿದ್ದರೆ ಆ ರಕ್ಷಣೆ ಕೈತಪ್ಪಬಹುದು.